ಶಾತೋ ಗಯಾರ್: ಎರಡು ವರ್ಷದಲ್ಲಿ ಎದ್ದು ಆರು ತಿಂಗಳ ಮುತ್ತಿಗೆಯಲ್ಲಿ ಬಿದ್ದ ಕೋಟೆ, ತಪ್ಪು ಗೋಡೆಯದೇ?

ಶಿಲಾಶಾಸನ:

ಫ್ರಾನ್ಸಿನ ನಾರ್ಮಂಡಿ ಸೀಮೆಯ ಲೇ ಆಂದಲೀ ಎಂಬ ಊರಿನ ಬಳಿ ಸೀನ್ ನದಿ ದೊಡ್ಡದೊಂದು ತಿರುವು ತೆಗೆದುಕೊಂಡು ಹರಿಯುತ್ತದೆ. ಆ ತಿರುವಿನ ಮೇಲೆ, ನೀರಿನ ಮಟ್ಟದಿಂದ ಸುಮಾರು 90 ಮೀಟರ್ ಎತ್ತರದಲ್ಲಿ, ಬಿಳಿಯ ಸುಣ್ಣಕಲ್ಲಿನ ಗುಡ್ಡದ ಚಾಚಿನ ಮೇಲೆ ಶಾತೋ ಗಯಾರ್ ಎಂಬ ಕೋಟೆಯ ಅವಶೇಷಗಳಿವೆ. ಇಂಗ್ಲೆಂಡಿನ ದೊರೆಯೂ ನಾರ್ಮಂಡಿಯ ಡ್ಯೂಕನೂ ಆಗಿದ್ದ ಸಿಂಹಹೃದಯಿ ರಿಚರ್ಡ್ ಇದನ್ನು 1196ರಿಂದ 1198ರೊಳಗೆ ಕಟ್ಟಿಸಿದನು. ಫ್ರಾನ್ಸಿನ ದೊರೆ ಎರಡನೇ ಫಿಲಿಪ್ 1204ರ ಮಾರ್ಚ್ 6ರಂದು ಇದನ್ನು ವಶಪಡಿಸಿಕೊಂಡನು. ಅಷ್ಟೊಂದು ಹಣ ಸುರಿದು ಕಟ್ಟಿದ ಕೋಟೆ ತನ್ನ ಮೊದಲ ಮುತ್ತಿಗೆಯಲ್ಲಿಯೇ ಬಿದ್ದುದರಿಂದ, ಅದರ ವಿನ್ಯಾಸದಲ್ಲಿಯೇ ಮೂಲಭೂತ ದೋಷವಿತ್ತೆಂದು ಬರೆಯುವವರು ಬಹಳ ಮಂದಿ. ಈ ಮಾತನ್ನು ನಾನು ಒಪ್ಪುವುದಿಲ್ಲ. ಆ ಕೋಟೆಯನ್ನು ಒಂಟಿ ಕಟ್ಟಡವೆಂದು ನೋಡುವುದರಿಂದಲೇ ಇಂಥ ತೀರ್ಮಾನ ಬರುತ್ತದೆ ಎಂಬುದು ನನ್ನ ವಾದ. ಅದನ್ನು ಇಲ್ಲಿ ಚರ್ಚೆಗೆ ಇಡುತ್ತಿದ್ದೇನೆ.

ಮೊದಲು ಹಿನ್ನೆಲೆ. ಮೂರನೇ ಧರ್ಮಯುದ್ಧದಿಂದ ಹಿಂದಿರುಗುವಾಗ ರಿಚರ್ಡ್ ಆಸ್ಟ್ರಿಯದಲ್ಲಿ ಸೆರೆಸಿಕ್ಕನು. ಆತ ಜರ್ಮನ್ ಚಕ್ರವರ್ತಿಯ ವಶದಲ್ಲಿದ್ದಾಗ, 1193ರಲ್ಲಿ, ಫಿಲಿಪ್ ನಾರ್ಮಂಡಿಯ ಗಡಿಯ ಜಿಸೋರ್ ಕೋಟೆಯನ್ನು ದಕ್ಕಿಸಿಕೊಂಡನು. ಜಿಸೋರ್ ಕೈತಪ್ಪಿದ ಮೇಲೆ ನಾರ್ಮಂಡಿಯ ರಾಜಧಾನಿ ರೂವಾನ್ ನಗರಕ್ಕೂ ಫಿಲಿಪನ ಸೈನ್ಯಕ್ಕೂ ನಡುವೆ ಹೇಳಿಕೊಳ್ಳುವಂಥ ತಡೆಯೇ ಉಳಿಯಲಿಲ್ಲ. ಸೀನ್ ನದಿಯ ಕಣಿವೆ ತೆರೆದ ಹೆಬ್ಬಾಗಿಲಾಯಿತು. 1196ರ ಜನವರಿಯಲ್ಲಿ ಇಬ್ಬರು ದೊರೆಗಳ ನಡುವೆ ಆದ ಒಪ್ಪಂದದಲ್ಲಿ ಆಂದಲೀಯಲ್ಲಿ ಯಾರೂ ಕೋಟೆ ಕಟ್ಟಬಾರದೆಂಬ ಷರತ್ತು ಸ್ಪಷ್ಟವಾಗಿತ್ತು. ಆ ಜಾಗ ರೂವಾನಿನ ಆರ್ಚ್‌ಬಿಷಪ್ ವಾಲ್ಟರ್ ದ ಕೂತಾನ್ಸ್ ಅವರ ಆಸ್ತಿಯಾಗಿತ್ತು. ರಿಚರ್ಡ್ ಒಪ್ಪಂದವನ್ನೂ ಲೆಕ್ಕಿಸಲಿಲ್ಲ, ಆಸ್ತಿಯ ಒಡೆತನವನ್ನೂ ಲೆಕ್ಕಿಸಲಿಲ್ಲ. ಆರ್ಚ್‌ಬಿಷಪ್ ಇಡೀ ನಾರ್ಮಂಡಿಯ ಮೇಲೆ ಧಾರ್ಮಿಕ ನಿಷೇಧ ಹೇರಿದರು. ಚರ್ಚುಗಳಲ್ಲಿ ಪೂಜೆ ನಿಂತಿತು. ಶವಸಂಸ್ಕಾರವಿಲ್ಲದೆ ಊರ ಬೀದಿಗಳಲ್ಲಿ ಹೆಣಗಳು ಬಿದ್ದಿದ್ದವೆಂದು ಅಂದಿನ ಇತಿಹಾಸಕಾರ ರೋಜರ್ ಆಫ್ ಹೌಡನ್ ಬರೆದಿದ್ದಾನೆ. 1197ರ ಏಪ್ರಿಲ್‌ನಲ್ಲಿ ಪೋಪ್ ಮೂರನೇ ಸೆಲೆಸ್ಟೀನ್ ನಿಷೇಧವನ್ನು ತೆರವುಗೊಳಿಸಿದರು. ಆಂದಲೀಗೆ ಬದಲಾಗಿ ದಿಯೆಪ್ ಬಂದರೂ ಬೇರೆ ಆಸ್ತಿಗಳೂ ಆರ್ಚ್‌ಬಿಷಪ್ಪರಿಗೆ ಸಂದವು. ಇಷ್ಟು ನಡೆಯುವವರೆಗೂ ಬೆಟ್ಟದ ಮೇಲಿನ ಕೆಲಸ ನಿಂತಿರಲಿಲ್ಲ.

ಈಗ ರಚನೆ. ಕೋಟೆಗೆ ಮೂರು ಸುತ್ತುಗಳಿವೆ. ಆದರೆ ಮೂರೂ ಒಂದರೊಳಗೊಂದು ಅಡಕವಾಗಿಲ್ಲ. ಗುಡ್ಡದ ಚಾಚು ಮೂರು ಕಡೆ ಕಡಿದಾಗಿದ್ದು, ಆಗ್ನೇಯಕ್ಕೆ ಮಾತ್ರ ಹಿಂದಿನ ಎತ್ತರದ ಬಯಲಿಗೆ ಕೂಡಿಕೊಂಡಿದೆ. ಶತ್ರು ಬಂದರೆ ಆ ಕಡೆಯಿಂದಲೇ ಬರಬೇಕು. ಆದ್ದರಿಂದ ಹೊರಸುತ್ತನ್ನು ಬಾಣದ ಮೊನೆಯ ಆಕಾರದಲ್ಲಿ ಆ ಬಯಲಿಗೆ ಮುಖಮಾಡಿ ಕಟ್ಟಿದ್ದಾರೆ. ಮೊನೆಯಲ್ಲಿ ಭಾರಿ ದುಂಡು ಕೊತ್ತಲವಿದೆ. ಅದರ ಹಿಂದೆ ಬಂಡೆಯನ್ನೇ ಕಡಿದು ತೆಗೆದ ಆಳವಾದ ಕಂದಕ. ಕಂದಕ ದಾಟಿದರೆ ನಡುಸುತ್ತು. ನಡುಸುತ್ತಿನೊಳಗೆ ಮತ್ತೊಂದು ಕಂದಕ, ಅದರೊಳಗೆ ಒಳಸುತ್ತು, ಒಳಸುತ್ತಿನಲ್ಲಿ ಬಂಡೆಯಂಚಿಗೆ ಒತ್ತಿಕೊಂಡಂತೆ ಮುಖ್ಯ ಗೋಪುರ. ಒಳಸುತ್ತಿನ ಗೋಡೆ ಇಡೀ ಯುರೋಪಿನಲ್ಲಿಯೇ ವಿಶಿಷ್ಟವಾದುದು: ಅದು ನೆಟ್ಟಗಿಲ್ಲ, ಬಿಡಿ ಕೊತ್ತಲಗಳೂ ಅದಕ್ಕಿಲ್ಲ, ಅರ್ಧವೃತ್ತದ ಉಬ್ಬುಗಳು ಒಂದಕ್ಕೊಂದು ತಾಗಿಕೊಂಡು, ಸಾಲಾಗಿ ನಿಲ್ಲಿಸಿದ ಕಣಜಗಳ ಹಾಗೆ, ಸುತ್ತಲೂ ಸಾಗುತ್ತವೆ. ಯಂತ್ರದಿಂದ ಎಸೆದ ಕಲ್ಲು ಈ ಬಾಗಿದ ಮೈಗೆ ನೇರವಾಗಿ ಬಡಿಯುವುದು ಕಷ್ಟ. ಗೋಡೆಯ ಬುಡಕ್ಕೆ ಬಂದವನಿಗೆ ಬಿಲ್ಲುಗಾರರ ಕಣ್ಣಿಗೆ ಬೀಳದೆ ಅಡಗಿ ನಿಲ್ಲಲು ಮೂಲೆಯೂ ಸಿಗುವುದಿಲ್ಲ.

ಆದರೆ ನನ್ನ ವಾದದ ತಿರುಳು ಬೆಟ್ಟದ ಮೇಲಿಲ್ಲ, ಕೆಳಗಿದೆ. ರಿಚರ್ಡ್ ಕಟ್ಟಿಸಿದ್ದು ಬೆಟ್ಟದ ಕೋಟೆಯೊಂದನ್ನೇ ಅಲ್ಲ. ನದಿಯ ನಡುಗಡ್ಡೆಯಲ್ಲಿ ಒಂದು ಭದ್ರ ನೆಲೆ, ದಡದಲ್ಲಿ ಕೋಟೆಗೋಡೆಯುಳ್ಳ ಪುಟ್ಟ ಆಂದಲೀ ಎಂಬ ಹೊಸ ಪಟ್ಟಣ, ಅವುಗಳನ್ನು ಕೂಡಿಸುವ ಸೇತುವೆಗಳು, ದೋಣಿ ಸಾಗದಂತೆ ನದಿಗೆ ಅಡ್ಡಲಾಗಿ ಮರದ ಗೂಟಗಳ ಮೂರು ಸಾಲು, ಇವೆಲ್ಲವೂ ಒಂದೇ ಯೋಜನೆಯ ಅಂಗಗಳು. ಇವೆಲ್ಲಕ್ಕೂ ಬೆನ್ನಾಗಿ, ರೂವಾನಿನಿಂದ ನದಿಯ ಮೇಲೆ ಬಂದು ನೆರವಾಗಬಲ್ಲ ಸೈನ್ಯ ಇರಬೇಕೆಂಬುದು ಆ ಯೋಜನೆಯ ಮೊದಲ ನಿಬಂಧನೆ. 1199ರ ಏಪ್ರಿಲ್ 6ರಂದು ಶಾಲು ಎಂಬಲ್ಲಿ ಬಾಣದ ಗಾಯದಿಂದ ರಿಚರ್ಡ್ ತೀರಿಕೊಂಡನು. ಅವನ ತಮ್ಮ ಜಾನ್ ಆ ನಿಬಂಧನೆಯನ್ನು ಉಳಿಸಿಕೊಳ್ಳಲಾರದೆ ಹೋದನು. ಕೋಟೆ ಸೋತದ್ದು ಅಲ್ಲಿ.

ಗಾರೆಸುಣ್ಣ:

ಬರಹ ಚೆನ್ನಾಗಿದೆ ಸರ್. ನಾನು ವೃತ್ತಿಯಿಂದ ಸಿವಿಲ್ ಎಂಜಿನಿಯರ್. ಹಳೆಯ ಕಟ್ಟಡಗಳ ದುರಸ್ತಿ ನನ್ನ ಕೆಲಸ. ಎರಡು ವರ್ಷ ಎಂಬ ಅವಧಿಯ ಬಗ್ಗೆ ಎರಡು ಮಾತು ಹೇಳಬೇಕು, ಏಕೆಂದರೆ ಅದರ ಅಸಾಧಾರಣತೆ ಓದುಗರಿಗೆ ಮುಟ್ಟದೆ ಹೋಗಬಹುದು.

ಆ ಕಾಲದ ದಪ್ಪ ಗೋಡೆಯೆಂದರೆ ಒಳಗೂ ಹೊರಗೂ ಕೆತ್ತಿದ ಕಲ್ಲಿನ ಮುಖ, ನಡುವೆ ಒರಟು ಕಲ್ಲಿನ ಚೂರುಗಳನ್ನು ಸುಣ್ಣದ ಗಾರೆಯಲ್ಲಿ ತುಂಬಿದ ತಿರುಳು. ಸುಣ್ಣದ ಗಾರೆ ಗಾಳಿಯೊಡನೆ ಬೆರೆತು ನಿಧಾನವಾಗಿ ಗಟ್ಟಿಯಾಗುತ್ತದೆ. ಎರಡು ಮೂರು ಮೀಟರ್ ದಪ್ಪದ ಗೋಡೆಯ ನಡುವಿನ ಗಾರೆ ಪೂರ್ತಿ ಗಟ್ಟಿಯಾಗಲು ವರ್ಷಗಳೇ ಹಿಡಿಯುತ್ತವೆ. ಅವಸರಪಟ್ಟು ಎತ್ತರಕ್ಕೆ ಏರಿಸಿದರೆ ಮೇಲಿನ ಭಾರಕ್ಕೆ ಕೆಳಗಿನ ಹಸಿ ತಿರುಳು ಹೊರಕ್ಕೆ ಒತ್ತಿ ಗೋಡೆ ಹೊಟ್ಟೆ ಬಿಡುತ್ತದೆ. ಉತ್ತರ ಯುರೋಪಿನಲ್ಲಿ ಇನ್ನೊಂದು ಅಡ್ಡಿಯೂ ಇದೆ: ಚಳಿಗಾಲದ ಹಿಮ ಹಸಿ ಗಾರೆಯನ್ನು ಪುಡಿಮಾಡುತ್ತದೆ. ಹಾಗಾಗಿ ಮೇಸ್ತ್ರಿಗಳು ವಸಂತದಿಂದ ಶರತ್ಕಾಲದವರೆಗೆ ಮಾತ್ರ ಗೋಡೆ ಏರಿಸಿ, ಚಳಿಗಾಲದಲ್ಲಿ ಗೋಡೆಯ ತಲೆಯನ್ನು ಹುಲ್ಲು, ಗೊಬ್ಬರಗಳಿಂದ ಮುಚ್ಚಿಡುತ್ತಿದ್ದರು. ವರ್ಷಕ್ಕೆ ಮೂರು ಮೀಟರ್ ಏರಿಸಿದರೆ ಹದವಾದ ವೇಗ. ಇಷ್ಟು ದೊಡ್ಡ ಕೋಟೆಗೆ ಹತ್ತು ವರ್ಷ ಬೇಕಾಗಿದ್ದರೂ ಆಶ್ಚರ್ಯಪಡಬೇಕಿಲ್ಲ.

ಎರಡೇ ವರ್ಷದಲ್ಲಿ ಮುಗಿಸಬೇಕಾದರೆ ಒಂದು ಕಡೆ ಮುಗಿದ ಮೇಲೆ ಇನ್ನೊಂದು ಕಡೆ ಎಂದು ಹೋಗುವ ಹಾಗಿಲ್ಲ. ಎಲ್ಲ ಕಡೆಯೂ ಏಕಕಾಲಕ್ಕೆ ಕೆಲಸ ನಡೆಯಬೇಕು. ಅಂದರೆ ಆಳುಗಳ ಸಂಖ್ಯೆಯೇ ಉತ್ತರ. ಇದಕ್ಕೆ ದಾಖಲೆ ಏನಾದರೂ ಉಳಿದಿದೆಯೇ?

ಶಿಲಾಶಾಸನ:

ಉಳಿದಿದೆ, ಮತ್ತು ಅದು ಈ ಕೋಟೆಯ ಅಧ್ಯಯನಕ್ಕೆ ಸಿಕ್ಕಿರುವ ದೊಡ್ಡ ಭಾಗ್ಯ. 1198ರ ನಾರ್ಮನ್ ಖಜಾನೆಯ ಲೆಕ್ಕಪತ್ರದಲ್ಲಿ ಆಂದಲೀಯ ವೆಚ್ಚ ದಾಖಲಾಗಿದೆ. ಗಣಿಯಲ್ಲಿ ಕಲ್ಲು ಕೀಳುವವರು, ಕಲ್ಲು ಕೆತ್ತುವವರು, ಸುಣ್ಣದವರು, ಬಡಗಿಗಳು, ಕಮ್ಮಾರರು, ಗಾರೆ ಹೊರುವವರು, ನೀರು ಹೊರುವವರು, ಗಾಡಿಯವರು, ಬಂಡೆ ಕಡಿದು ಕಂದಕ ತೆಗೆದವರು, ಇವರೆಲ್ಲರನ್ನೂ ಕಾಯುತ್ತಿದ್ದ ಸೈನಿಕರು: ಎಲ್ಲರ ಕೂಲಿಯೂ ಅದರಲ್ಲಿ ಬರುತ್ತದೆ. ಎರಡು ವರ್ಷದ ಒಟ್ಟು ವೆಚ್ಚ ಸುಮಾರು 12,000 ಪೌಂಡು ಎಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ತನ್ನ ಹತ್ತು ವರ್ಷದ ಆಳ್ವಿಕೆಯಲ್ಲಿ ಇಂಗ್ಲೆಂಡಿನ ಎಲ್ಲ ಕೋಟೆಗಳಿಗೂ ಸೇರಿ ರಿಚರ್ಡ್ ವೆಚ್ಚ ಮಾಡಿದ್ದು ಸುಮಾರು 7,000 ಪೌಂಡು. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಸಾಕು, ಆತನ ಮನಸ್ಸು ಎಲ್ಲಿ ನೆಟ್ಟಿತ್ತೆಂದು ತಿಳಿಯುತ್ತದೆ.

ಇಷ್ಟೆಲ್ಲ ಕಸುಬುದಾರರ ಲೆಕ್ಕವಿರುವ ಆ ಪತ್ರದಲ್ಲಿ ಮುಖ್ಯ ಶಿಲ್ಪಿಯ ಹೆಸರು ಮಾತ್ರ ಇಲ್ಲ. ರಿಚರ್ಡನೇ ವಿನ್ಯಾಸದ ಹಿಂದಿನ ತಲೆ ಎಂದು ಹಲವು ವಿದ್ವಾಂಸರು ಊಹಿಸುವುದಕ್ಕೆ ಇದೂ ಒಂದು ಕಾರಣ. ಆತ ಆ ದಿನಗಳಲ್ಲಿ ಬಹುಕಾಲ ಆಂದಲೀಯಲ್ಲಿಯೇ ಬೀಡುಬಿಟ್ಟಿದ್ದನು. ಕೆಲಸ ನಡೆಯುವಾಗ ರಕ್ತದ ಮಳೆ ಸುರಿಯಿತೆಂದೂ, ಸುತ್ತಲಿದ್ದವರು ಅಪಶಕುನವೆಂದು ಬೆದರಿದರೂ ದೊರೆ ಅಲುಗಾಡಲಿಲ್ಲವೆಂದೂ ವಿಲಿಯಂ ಆಫ್ ನ್ಯೂಬರ್ಗ್ ಬರೆಯುತ್ತಾನೆ. ಸ್ವರ್ಗದಿಂದ ದೇವದೂತನೇ ಇಳಿದು ಬಂದು ಕೆಲಸ ನಿಲ್ಲಿಸೆಂದಿದ್ದರೂ ಅವನಿಗೆ ಬೈಗುಳವೇ ಸಿಗುತ್ತಿತ್ತು ಎಂಬುದು ಆತನ ಮಾತು. ರಕ್ತದ ಮಳೆಯನ್ನು ನಂಬುವುದು ಬಿಡುವುದು ಬೇರೆ. ದೊರೆಯ ಹಟದ ಬಗ್ಗೆ ಸಮಕಾಲೀನರಿಗೆ ಏನನ್ನಿಸಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ.

ಕಂದಕದಾಚೆ:

ನಾನು ಮೂಲ ವಾದವನ್ನು ಪೂರ್ತಿಯಾಗಿ ಒಪ್ಪಲಾರೆ. ವಿನ್ಯಾಸದಲ್ಲಿ ಕಣ್ಣಿಗೆ ರಾಚುವ ಒಂದು ದೋಷವಿದೆ, ಅದನ್ನು ಮುಚ್ಚಿಟ್ಟು ಕೋಟೆಯನ್ನು ಹೊಗಳಬಾರದು.

ನಡುಸುತ್ತಿನಿಂದ ಒಳಸುತ್ತಿನ ಬಾಗಿಲಿಗೆ ಹೋಗುವ ದಾರಿಯನ್ನು ನೋಡಿ. ಕಂದಕ ಕಡಿಯುವಾಗ ಬಾಗಿಲ ಮುಂದೆ ಬಂಡೆಯ ಒಂದು ಪಟ್ಟಿಯನ್ನು ಕಡಿಯದೆ ಸೇತುವೆಯಂತೆ ಬಿಟ್ಟಿದ್ದಾರೆ. ಅಲ್ಲಿ ಎತ್ತಿ ಇಳಿಸುವ ಮರದ ಸೇತುವೆ ಇದ್ದಿದ್ದರೆ ಮುತ್ತಿಗೆಯ ಹೊತ್ತಿನಲ್ಲಿ ಅದನ್ನು ಎತ್ತಿಬಿಡಬಹುದಿತ್ತು ಅಥವಾ ಸುಟ್ಟುಬಿಡಬಹುದಿತ್ತು. ಬಂಡೆಯ ಸೇತುವೆಯನ್ನು ಏನು ಮಾಡಲು ಬರುತ್ತದೆ? 1204ರಲ್ಲಿ ಆದದ್ದು ಇದೇ. ಫಿಲಿಪನ ಸುರಂಗದವರು ಆ ಸೇತುವೆಯ ಮರೆಯಲ್ಲಿ ನಿಂತು, ಮೇಲಿನಿಂದ ಬೀಳುವ ಕಲ್ಲು ಬಾಣಗಳಿಂದ ತಪ್ಪಿಸಿಕೊಂಡು, ಗೋಡೆಯ ಬುಡವನ್ನು ಕೊರೆದರು. ಕೋಟೆಯವರು ಒಳಗಿನಿಂದ ಎದುರು ಸುರಂಗ ತೋಡಿ ಅವರನ್ನು ಹಿಮ್ಮೆಟ್ಟಿಸಿದರು, ನಿಜ. ಆದರೆ ಎರಡು ಕಡೆಯಿಂದಲೂ ಕೊರೆಸಿಕೊಂಡ ಗೋಡೆಯ ಅಡಿಪಾಯ ಸಡಿಲವಾಯಿತು. ಆಮೇಲೆ ಕಾಬುಲಸ್ ಎಂದು ಹೆಸರಿದ್ದ ಭಾರಿ ಕಲ್ಲೆಸೆಯುವ ಯಂತ್ರವನ್ನು ತಂದು ಹೊಡೆದಾಗ ಗೋಡೆ ಬಿರಿಯಿತು. ಶಿಲಾಶಾಸನ ಅವರು ಕಲ್ಲೇಟಿಗೆ ಜಗ್ಗದು ಎಂದು ವರ್ಣಿಸಿದ ಆ ಉಬ್ಬುಗಳ ಗೋಡೆಯೇ ಅದು.

ಇನ್ನೂ ಒಂದು ಸಂಗತಿ ಇದೆ. ಒಳಸುತ್ತು ಬಿರಿದ ಮೇಲೆ ಉಳಿದವರು ಮುಖ್ಯ ಗೋಪುರವನ್ನು ಹೊಕ್ಕು ಬಾಗಿಲು ಹಾಕಿಕೊಂಡು ಕಾದಾಡಲಿಲ್ಲ. ಸುಮಾರು 140 ಮಂದಿ ಅಲ್ಲಿಯೇ ಸೆರೆಸಿಕ್ಕರು. ಕೊನೆಯ ಆಸರೆಯೆಂದು ಕಟ್ಟಿದ ಗೋಪುರ ಕೊನೆಯ ಗಳಿಗೆಯಲ್ಲಿ ಉಪಯೋಗಕ್ಕೇ ಬರಲಿಲ್ಲ ಎಂದಮೇಲೆ, ಸಾಲು ಸಾಲು ರಕ್ಷಣೆಯ ಈ ಕಲ್ಪನೆಯ ಬಗ್ಗೆಯೇ ಪ್ರಶ್ನೆ ಏಳುವುದಿಲ್ಲವೇ?

ಶಿಲಾಶಾಸನ:

ಬಂಡೆಯ ಸೇತುವೆ ದೋಷವೆಂಬುದರಲ್ಲಿ ನನಗೂ ನಿಮಗೂ ಭಿನ್ನಾಭಿಪ್ರಾಯವಿಲ್ಲ. ನನ್ನ ಪ್ರಶ್ನೆ, ಆ ದೋಷ ಯಾವಾಗ ಕೆಲಸಕ್ಕೆ ಬಂತು ಎಂಬುದು. ಫಿಲಿಪನ ಜನ ಆ ಸೇತುವೆಯ ಬುಡಕ್ಕೆ ತಲುಪಿದ್ದು ಮುತ್ತಿಗೆಯ ಕೊನೆಯ ಘಟ್ಟದಲ್ಲಿ. ಅದಕ್ಕೆ ಮುನ್ನ ಆದದ್ದನ್ನು ಕ್ರಮವಾಗಿ ನೋಡೋಣ.

1203ರ ಬೇಸಿಗೆಯ ಕೊನೆಗೆ ಫಿಲಿಪ್ ಬಂದಾಗ ಮೊದಲು ಕೈಹಾಕಿದ್ದು ಬೆಟ್ಟಕ್ಕಲ್ಲ, ನದಿಗೆ. ಗೂಟಗಳ ಅಡ್ಡಗಟ್ಟನ್ನು ಕಡಿಸಿ ದೋಣಿಗಳಿಗೆ ದಾರಿ ಮಾಡಿದನು. ಜಾನ್ ಕಳಿಸಿದ ನೆರವಿನ ಪಡೆ ಎರಡು ಭಾಗವಾಗಿ ಬಂತು: ವಿಲಿಯಂ ಮಾರ್ಷಲ್‌ನ ಮುಂದಾಳತ್ವದಲ್ಲಿ ಒಂದು ದಂಡು ರಾತ್ರಿ ನೆಲದ ಮೇಲೆ, ದವಸಧಾನ್ಯ ಹೊತ್ತ ದೋಣಿಗಳ ದಂಡು ನದಿಯ ಮೇಲೆ. ಎರಡೂ ಒಟ್ಟಿಗೆ ಎರಗಬೇಕಾಗಿತ್ತು. ಪ್ರವಾಹದ ಎದುರು ಹುಟ್ಟುಹಾಕಿಕೊಂಡು ಬರಬೇಕಾಗಿದ್ದ ದೋಣಿಗಳು ತಡವಾದವು. ನೆಲದ ದಂಡು ಒಂಟಿಯಾಗಿ ಕಾದು ಸೋತಿತು, ಬೆಳಗಾದ ಮೇಲೆ ಬಂದ ದೋಣಿಗಳೂ ಸೋತವು. ಅನಂತರ ನಡುಗಡ್ಡೆಯ ನೆಲೆ ಬಿತ್ತು. ಗೋಬೇರ್ ಎಂಬ ಈಜುಗಾರ ಕೆಂಡ ತುಂಬಿ ಬಾಯಿ ಮುಚ್ಚಿದ ಮಡಕೆಗಳನ್ನು ಹೊತ್ತು ಈಜಿ ಹೋಗಿ ಅಲ್ಲಿನ ಮರದ ಬೇಲಿಗೆ ಬೆಂಕಿಯಿಟ್ಟನೆಂದು, ಫಿಲಿಪನ ಆಸ್ಥಾನದ ಪಾದ್ರಿಯೂ ಈ ಮುತ್ತಿಗೆಯ ಪ್ರತ್ಯಕ್ಷದರ್ಶಿಯೂ ಆಗಿದ್ದ ವಿಲಿಯಂ ದ ಬ್ರೆಟನ್ ಹೇಳುತ್ತಾನೆ. ನಡುಗಡ್ಡೆ ಹೋದ ಮೇಲೆ ಕೆಳಗಿನ ಪಟ್ಟಣವೂ ಉಳಿಯಲಿಲ್ಲ.

ಆಮೇಲೆ ಫಿಲಿಪ್ ಬೆಟ್ಟದ ಸುತ್ತ ಅಗಳು ತೋಡಿಸಿ, ಅದರ ಉದ್ದಕ್ಕೂ ಮರದ ಅಟ್ಟಣೆಗಳನ್ನು ನಿಲ್ಲಿಸಿ, ಸುಮ್ಮನೆ ಕಾದನು. ಡಿಸೆಂಬರ್‌ನಲ್ಲಿ ಜಾನ್ ನಾರ್ಮಂಡಿಯನ್ನೇ ಬಿಟ್ಟು ಇಂಗ್ಲೆಂಡಿಗೆ ಹೊರಟುಹೋದನು. ನೆರವು ಬರುವುದಿಲ್ಲವೆಂದು ಖಚಿತವಾದ ಮೇಲೂ ಕೋಟೆಯ ಮುಖ್ಯಸ್ಥ ರೋಜರ್ ದ ಲೇಸಿ ಮಾರ್ಚ್‌ವರೆಗೆ ಹಿಡಿದು ನಿಲ್ಲಿಸಿದನು. ಯಾರೂ ನೆರವಿಗೆ ಬಾರದ ಕೋಟೆ ಇಂದಲ್ಲ ನಾಳೆ ಬೀಳಲೇಬೇಕು. ಅದು ಯಾವ ಬಿರುಕಿನಿಂದ ಬೀಳುತ್ತದೆ ಎಂಬುದಷ್ಟೇ ಉಳಿಯುವ ಪ್ರಶ್ನೆ. ಗೋಪುರ ಕೊನೆಗೆ ಉಪಯೋಗಕ್ಕೆ ಬರಲಿಲ್ಲ ಎಂಬುದಕ್ಕೂ ಇದೇ ಉತ್ತರ. ಆರು ತಿಂಗಳು ಅರೆಹೊಟ್ಟೆಯಲ್ಲಿ ಕಾದಾಡಿದವರಿಗೆ ಆ ಗೋಪುರದಲ್ಲಿ ಇನ್ನೊಂದು ವಾರ ಕಳೆದರೆ ಸಿಗುವುದಾದರೂ ಏನಿತ್ತು?

ಓದುಗ_ಧಾರವಾಡ:

ಈ ಕೋಟೆಯ ಬಗ್ಗೆ ಎಲ್ಲಿ ಓದಿದರೂ ಫ್ರೆಂಚ್ ಸೈನಿಕರು ಶೌಚದ ಕೊಳವೆಯ ಮೂಲಕ ಒಳನುಗ್ಗಿದರೆಂಬ ಕಥೆ ಸಿಗುತ್ತದೆ. ಈ ಚರ್ಚೆಯಲ್ಲಿ ಅದು ಇನ್ನೂ ಬಂದಿಲ್ಲ. ಅದು ನಿಜವೇ, ಅಥವಾ ಬರೀ ಕಟ್ಟುಕಥೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ನದಿತೀರ:

ಆ ಘಟನೆ ನಡುಸುತ್ತಿಗೆ ಸಂಬಂಧಿಸಿದ್ದು. ಹೊರಸುತ್ತು ಬಿದ್ದದ್ದು ಅದರ ಮೊನೆಯ ಕೊತ್ತಲದ ಬುಡಕ್ಕೆ ಸುರಂಗ ಕೊರೆದು, ಮರದ ಆಸರೆ ಕೊಟ್ಟು, ಆ ಮರಕ್ಕೆ ಬೆಂಕಿಯಿಟ್ಟು ಕೆಡವಿದ್ದರಿಂದ. ಅದರ ಹಿಂದಿನ ಕಂದಕ ದಾಟಿ ನಡುಸುತ್ತನ್ನು ಹೊಗುವುದು ಹೇಗೆಂದು ಸೈನಿಕರು ದಾರಿ ಹುಡುಕುತ್ತಿದ್ದಾಗ, ಗೋಡೆಗೆ ಒತ್ತಿಕೊಂಡಿದ್ದ ಒಂದು ಕಟ್ಟಡ ಅವರ ಕಣ್ಣಿಗೆ ಬಿತ್ತು. ಅದು ರಿಚರ್ಡನ ಮೂಲ ಯೋಜನೆಯದಲ್ಲ, ಜಾನ್ ಆಮೇಲೆ ಸೇರಿಸಿದ್ದು. ಅದರ ಮೇಲ್ಭಾಗದಲ್ಲಿ ಪ್ರಾರ್ಥನಾಮಂದಿರವಿತ್ತು, ಹೊರಗೋಡೆಯಲ್ಲಿ ಕಿಟಕಿಯೂ ಇತ್ತು. ಕೆಲವರು ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ಕಿಟಕಿಯಿಂದ ಒಳಹೊಕ್ಕು, ಉಳಿದವರಿಗೆ ದಾರಿ ಮಾಡಿದರು. ಒಳಗೆ ಎದ್ದ ಗದ್ದಲದಿಂದ ದೊಡ್ಡ ಪಡೆಯೇ ನುಗ್ಗಿತೆಂದು ಭಾವಿಸಿದ ಕೋಟೆಯವರು ಆ ಕಟ್ಟಡಕ್ಕೆ ಬೆಂಕಿ ಹಚ್ಚಿದರು. ಬೆಂಕಿ ತಮ್ಮ ಕಡೆಗೇ ಹಬ್ಬಿದಾಗ ನಡುಸುತ್ತನ್ನು ಬಿಟ್ಟು ಒಳಸುತ್ತಿಗೆ ಸರಿದರು.

ಶೌಚದ ಕೊಳವೆಯನ್ನು ಏರಿ ಪ್ರಾರ್ಥನಾಮಂದಿರ ಸೇರಿದರೆಂಬ ನಿರೂಪಣೆಯೂ ಬಳಕೆಯಲ್ಲಿದೆ, ಇಂದಿನ ಪುಸ್ತಕಗಳಲ್ಲಿಯೂ ಅದು ಬರುತ್ತದೆ. ಎರಡರಲ್ಲಿ ಯಾವುದನ್ನು ಹಿಡಿದರೂ ವಾಸ್ತುವಿನ ದೃಷ್ಟಿಯಿಂದ ಪಾಠ ಒಂದೇ ಎಂದು ನನಗೆ ತೋರುತ್ತದೆ: ಮೂಲ ಗೋಡೆಯಲ್ಲಿ ಇಲ್ಲದ ತೂತನ್ನು ಆಮೇಲಿನ ಸೇರ್ಪಡೆ ತಂದಿತು. ಎರಡು ವರ್ಷ ತಲೆ ಕೆಡಿಸಿಕೊಂಡು ಒಂದೊಂದು ಕೋನವನ್ನೂ ಲೆಕ್ಕ ಹಾಕಿ ಕಟ್ಟಿದ ರಕ್ಷಣಾವ್ಯವಸ್ಥೆಯಲ್ಲಿ, ಅನುಕೂಲಕ್ಕಾಗಿ ಯಾರೋ ಸೇರಿಸಿದ ಒಂದು ಕೋಣೆ ಶತ್ರುವಿಗೆ ಮೆಟ್ಟಿಲಾಯಿತು. ಈ ಮಟ್ಟಿಗೆ ನಾನು ಶಿಲಾಶಾಸನ ಅವರ ಪಕ್ಷ.

ಸುಮಾ_ಓದು:

ಕೊತ್ತಲ, ಕಂದಕ, ಯಂತ್ರಗಳ ಮಾತಿನ ನಡುವೆ ಒಂದು ಸಂಗತಿ ಮರೆಯಾಗಬಾರದು ಎಂದು ಇದನ್ನು ಬರೆಯುತ್ತಿದ್ದೇನೆ. ಕೆಳಗಿನ ಪಟ್ಟಣ ಬಿದ್ದಾಗ ಅಲ್ಲಿನ ಜನ, ಒಂದು ಅಂದಾಜಿನಂತೆ 1,400ಕ್ಕೂ ಹೆಚ್ಚು ಮಂದಿ, ಬೆಟ್ಟ ಹತ್ತಿ ಕೋಟೆಯೊಳಗೆ ಸೇರಿಕೊಂಡರು. ಕೋಟೆಯ ಉಗ್ರಾಣದಲ್ಲಿದ್ದುದು ಕಾವಲು ಪಡೆಗೆ ಲೆಕ್ಕಹಾಕಿಟ್ಟ ಧಾನ್ಯ. ಇಷ್ಟು ಬಾಯಿಗಳಿಗೆ ಅದು ಸಾಲುವಂತಿರಲಿಲ್ಲ. ರೋಜರ್ ದ ಲೇಸಿ ಮೊದಲು ಎರಡು ತಂಡಗಳಲ್ಲಿ ಸುಮಾರು ಸಾವಿರ ಮಂದಿಯನ್ನು ಹೊರಗೆ ಕಳಿಸಿದನು. ಫ್ರೆಂಚ್ ಸೈನಿಕರು ಅವರಿಗೆ ದಾರಿ ಬಿಟ್ಟರು. ಈ ವಿಷಯ ತಿಳಿದ ಫಿಲಿಪ್ ಇನ್ನು ಮುಂದೆ ಯಾರನ್ನೂ ಬಿಡಬಾರದೆಂದು ಕಟ್ಟಪ್ಪಣೆ ಮಾಡಿದನು. ಕೋಟೆಯೊಳಗೆ ತಿನ್ನುವ ಬಾಯಿಗಳು ಹೆಚ್ಚಿದಷ್ಟೂ ಅದು ಬೇಗ ಬೀಳುತ್ತದೆ ಎಂಬುದು ಅವನ ಲೆಕ್ಕ.

ಆಮೇಲೆ ಹೊರಬಿದ್ದ ಕೊನೆಯ ತಂಡದ ನೂರಾರು ಜನರ ಮೇಲೆ ಫ್ರೆಂಚರು ಬಾಣ ಬಿಟ್ಟರು. ಹಿಂದಿರುಗಿ ಓಡಿದಾಗ ಕೋಟೆಯ ಬಾಗಿಲು ಮುಚ್ಚಿತ್ತು. ಗೋಡೆಗೂ ಮುತ್ತಿಗೆಯ ಸಾಲಿಗೂ ನಡುವಿನ ಇಳಿಜಾರಿನಲ್ಲಿ, ಚಳಿಗಾಲದಲ್ಲಿ, ಅನ್ನವಿಲ್ಲದೆ ಆಸರೆಯಿಲ್ಲದೆ ಅವರು ವಾರಗಟ್ಟಲೆ ಸಿಕ್ಕಿಬಿದ್ದರು. ಹಸಿವಿನಿಂದಲೂ ಚಳಿಯಿಂದಲೂ ಬಹುಮಂದಿ ಸತ್ತರು. ಫಿಲಿಪ್ ಪಾಳೆಯಕ್ಕೆ ಮರಳಿ ಬಂದಾಗ ಇವರ ಗೋಳು ಕೇಳಿ, ಉಳಿದವರಿಗೆ ಊಟ ಕೊಟ್ಟು ಬಿಟ್ಟುಬಿಡುವಂತೆ ಹೇಳಿದನೆಂದು ವಿಲಿಯಂ ದ ಬ್ರೆಟನ್ ಬರೆದಿದ್ದಾನೆ. ಆತ ಫಿಲಿಪನ ಅನ್ನ ಉಂಡವನು. ದೊರೆಯ ಕರುಣೆಯನ್ನು ಎತ್ತಿ ತೋರಿಸುತ್ತಾನೆ. ಆದರೆ ಅವರನ್ನು ಅಲ್ಲಿ ಸಿಕ್ಕಿಸಿದ್ದು ಅದೇ ದೊರೆಯ ಅಪ್ಪಣೆ ಎಂಬುದನ್ನೂ ಅವನ ಬರಹದಿಂದಲೇ ನಾವು ಓದಿಕೊಳ್ಳಬಹುದು.

ಪುಟ್ಟ ಆಂದಲೀ ರಿಚರ್ಡ್ ಕರೆದು ನೆಲೆಗೊಳಿಸಿದ ಹೊಸ ಊರು. ಅದು ಯೋಜನೆಯ ಅಂಗವೆಂದು ನೀವೇ ಹೇಳಿದಿರಿ. ಹಾಗಾದರೆ ಆ ಊರು ಬಿದ್ದ ದಿನ ಅಲ್ಲಿನ ಮಕ್ಕಳು ಮುದುಕರು ಎಲ್ಲಿಗೆ ಹೋಗಬೇಕು ಎಂಬುದು ಯೋಜನೆಯಲ್ಲಿ ಇರಲಿಲ್ಲ ಎಂಬುದನ್ನೂ ಒಪ್ಪಬೇಕಾಗುತ್ತದೆ.

ಶಿಲಾಶಾಸನ:

ಒಪ್ಪುತ್ತೇನೆ ಮೇಡಂ. ಗೋಡೆಯ ಬಗ್ಗೆ ಎಷ್ಟೇ ಬರೆದರೂ, ಅದು ಯಾರನ್ನು ಒಳಗಿಟ್ಟುಕೊಂಡಿತು, ಯಾರನ್ನು ಹೊರಗಿಟ್ಟಿತು ಎಂಬುದನ್ನು ಬಿಟ್ಟರೆ ಕೋಟೆಯ ಚರಿತ್ರೆ ಅರ್ಧವೇ. ಆ ಇಳಿಜಾರು ಇಂದಿಗೂ ಹಾಗೆಯೇ ಇದೆ.

ಪರದೇಶಿ_ಕನ್ನಡಿಗ:

ನಾನು ಉದ್ಯೋಗದ ನಿಮಿತ್ತ ಫ್ರಾನ್ಸಿನಲ್ಲಿದ್ದೇನೆ. ಕಂಡದ್ದನ್ನು ಹೇಳುತ್ತೇನೆ. ಪುಟ್ಟ ಆಂದಲೀಯಿಂದ ಕಾಲುದಾರಿ ಹಿಡಿದು ಹತ್ತಿದರೆ ಏರು ಕಡಿದಾಗಿದೆ. ಹಿಂದಿನ ಬಯಲಿನ ಕಡೆಯಿಂದ ಬಂದರೆ ಕೋಟೆ ಕಾಲಕೆಳಗೆ ಇರುವಂತೆ ಕಾಣುತ್ತದೆ. ಫಿಲಿಪ್ ತನ್ನ ಯಂತ್ರಗಳನ್ನು ಅಲ್ಲಿ ಏಕೆ ನಿಲ್ಲಿಸಿದನೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಗಾರೆಸುಣ್ಣ ಅವರು ಹೇಳಿದ ಗೋಡೆಯ ತಿರುಳನ್ನು ಅಲ್ಲಿ ಕಣ್ಣಾರೆ ನೋಡಬಹುದು. ಹಲವು ಕಡೆ ಕೆತ್ತಿದ ಮುಖದ ಕಲ್ಲುಗಳೆಲ್ಲ ಹೋಗಿ ಒಳಗಿನ ತುಂಬುಗಾರೆ ಬಯಲಾಗಿದೆ. ಬೆಳ್ಳಗಿನ ಗಾರೆಯಲ್ಲಿ ಮುಷ್ಟಿಗಾತ್ರದ, ಕಪ್ಪು ಕಂದು ಬಣ್ಣದ ಚಕಮಕಿ ಕಲ್ಲಿನ ಉಂಡೆಗಳು ಒತ್ತೊತ್ತಾಗಿ ಕೂತಿವೆ. ಒಡೆದ ಉಂಡೆಯ ಮೈ ಗಾಜಿನಂತೆ ಹೊಳೆಯುತ್ತದೆ, ಅಂಚು ಬೆರಳಿಗೆ ಚುರುಕು ಮುಟ್ಟಿಸುತ್ತದೆ. ಗುಡ್ಡದ ಸುಣ್ಣಕಲ್ಲಿನಲ್ಲಿಯೇ ಪದರ ಪದರವಾಗಿ ಈ ಉಂಡೆಗಳು ಹುಗಿದಿರುವುದು ಕಂದಕದ ಕಡಿತದಲ್ಲಿ ಕಾಣುತ್ತದೆ. ಅಂದರೆ ಕಂದಕ ಕಡಿದಾಗ ಎದ್ದುಬಂದದ್ದೇ ಗೋಡೆಯ ಹೊಟ್ಟೆಗೆ ಹೋಗಿರಬೇಕೆಂದು ನನ್ನ ಊಹೆ. ಎರಡು ವರ್ಷದ ವೇಗಕ್ಕೆ ಇದೂ ಒಂದು ವಿವರಣೆಯಾಗಬಹುದೇ?

ಮುಖದ ಕಲ್ಲುಗಳು ಎಲ್ಲಿಗೆ ಹೋದವು ಎಂಬುದು ನನ್ನ ಇನ್ನೊಂದು ಪ್ರಶ್ನೆ.

ಗಾರೆಸುಣ್ಣ:

ನಿಮ್ಮ ಊಹೆ ನನಗೆ ಬಹಳ ಸಮಂಜಸವಾಗಿ ಕಾಣುತ್ತದೆ. ಒಂದು ಕಟ್ಟಡದ ಅವಧಿಯನ್ನು ನಿರ್ಧರಿಸುವುದರಲ್ಲಿ ಸಾಗಣೆಯ ಪಾಲು ದೊಡ್ಡದು. ತಿರುಳಿಗೆ ಬೇಕಾದ ಸಾಮಗ್ರಿ ಕಾಲಬುಡದಲ್ಲಿ ಸಿಕ್ಕಿದರೆ, ಮುಖಕ್ಕೆ ಬೇಕಾದ ಒಳ್ಳೆಯ ಕಲ್ಲನ್ನು ಮಾತ್ರ ಆಯ್ದು ತಂದರೆ ಸಾಕು. ಸುಣ್ಣ ಸುಡುವುದಕ್ಕೂ ಅದೇ ಗುಡ್ಡದ ಕಲ್ಲು ಆಗುತ್ತದೆ, ಮರಳು ನೀರಿಗೆ ನದಿ ಕೆಳಗೇ ಇದೆ. ಕಂದಕವೇ ಗಣಿಯಾಗುವ ಈ ವ್ಯವಸ್ಥೆ ಬೆಟ್ಟದ ಕೋಟೆಗಳಲ್ಲಿ ಸಾಮಾನ್ಯ.

ಮುಖ್ಯ ಗೋಪುರದ ಮೇಲ್ಭಾಗದ ಬಗ್ಗೆ ಯಾರಾದರೂ ಬರೆಯಬೇಕು. ಚಿತ್ರಗಳಲ್ಲಿ ಅದರ ಮೈಮೇಲೆ ತಲೆಕೆಳಗಾದ ಬೆಣೆಗಳಂಥ ಆಧಾರಗಳು ಕಾಣುತ್ತವೆ. ಮೇಲಕ್ಕೆ ಹೋದಂತೆ ಅಗಲವಾಗುವ ಆಧಾರ ನಾನು ಬೇರೆಲ್ಲೂ ಕಂಡಿಲ್ಲ.

ನದಿತೀರ:

ಆ ಬೆಣೆಗಳ ಮೇಲೆ ಕಮಾನುಗಳನ್ನು ಕೂರಿಸಿ, ಕಮಾನುಗಳ ಮೇಲೆ ಗೋಡೆಯ ತಲೆಯನ್ನು ಹೊರಕ್ಕೆ ಚಾಚಿ ಕಟ್ಟಿದ್ದರೆಂದು ತಿಳಿಯಲಾಗಿದೆ. ಚಾಚಿಗೂ ಗೋಡೆಗೂ ನಡುವೆ ಉಳಿಯುವ ಸಂದಿನಿಂದ ಬುಡದಲ್ಲಿರುವ ಶತ್ರುವಿನ ಮೇಲೆ ನೆಟ್ಟಗೆ ಕಲ್ಲು ಕೆಡವಬಹುದು. ಅದಕ್ಕೆ ಮುಂಚೆ ಯುರೋಪಿನಲ್ಲಿ ಈ ಕೆಲಸಕ್ಕೆ ಮರದ ಅಟ್ಟಣೆಗಳನ್ನು ಗೋಡೆಗೆ ಸಿಕ್ಕಿಸುತ್ತಿದ್ದರು. ಮರಕ್ಕೆ ಬೆಂಕಿಯ ಭಯ ಇದ್ದೇ ಇತ್ತು. ಕಲ್ಲಿನಲ್ಲಿ ಇದನ್ನು ಮಾಡಿದ ಯುರೋಪಿನ ಮೊದಮೊದಲ ಉದಾಹರಣೆಗಳಲ್ಲಿ ಶಾತೋ ಗಯಾರ್ ಒಂದು. ಗೋಪುರದ ತಲೆ ಈಗ ಇಲ್ಲವಾದ್ದರಿಂದ ಉಳಿದ ಬೆಣೆಗಳನ್ನು ನೋಡಿಯೇ ಮೇಲಿನದನ್ನು ಕಲ್ಪಿಸಿಕೊಳ್ಳಬೇಕು. ಗೋಪುರದ ಬುಡ ಇಳಿಜಾರಾಗಿ ಹರಡಿಕೊಂಡಿದೆ. ಮೇಲಿನಿಂದ ಬಿಟ್ಟ ಕಲ್ಲು ಆ ಇಳಿಜಾರಿಗೆ ಬಡಿದು ಎದುರಾಳಿಗಳ ಕಡೆಗೆ ಪುಟಿಯುತ್ತದೆ, ಸುರಂಗ ಕೊರೆಯುವವರಿಗೂ ದಪ್ಪ ಬುಡ ಕಷ್ಟ ಕೊಡುತ್ತದೆ. ಗೋಪುರದ ಒಂದು ಮಗ್ಗುಲು ಹಡಗಿನ ಮುಂಭಾಗದ ಹಾಗೆ ಚೂಪಾಗಿದೆ, ಒಳಗೆ ಮಾತ್ರ ಕೋಣೆ ದುಂಡಗಿದೆ.

ರಿಚರ್ಡ್ ಪ್ಯಾಲೆಸ್ತೀನಿನಲ್ಲಿ ಕಂಡ ಕೋಟೆಗಳಿಂದ ಈ ಕಲ್ಪನೆಗಳನ್ನು ತಂದನೆಂಬುದು ಹಳೆಯ ಅಭಿಪ್ರಾಯ. ಪಶ್ಚಿಮದಲ್ಲಿಯೇ ಸ್ವತಂತ್ರವಾಗಿ ಬೆಳೆದಿರಬಹುದೆಂದು ವಾದಿಸುವವರೂ ಇದ್ದಾರೆ. ನನ್ನ ಮಟ್ಟಿಗೆ, ಐದು ವರ್ಷ ಹಿಂದಷ್ಟೇ ಅಕ್ಕಾ ನಗರದ ಮುತ್ತಿಗೆಯನ್ನು ಹತ್ತಿರದಿಂದ ಕಂಡು ಬಂದವನ ಕೈಯಲ್ಲಿ ಇಂಥ ಕೋಟೆ ಮೂಡಿದ್ದು ಕಾಕತಾಳೀಯವೆಂದು ಹೇಳುವುದು ಕಷ್ಟ.

ಕಂದಕದಾಚೆ:

ಮುಖದ ಕಲ್ಲುಗಳು ಎಲ್ಲಿ ಹೋದವೆಂದು ಕೇಳಿದವರಿಗೆ ಉತ್ತರ. 1204ರ ಮುತ್ತಿಗೆ ಈ ಕೋಟೆಯನ್ನು ಪಾಳುಗೆಡವಲಿಲ್ಲ. ಫಿಲಿಪ್ ಅದನ್ನು ದುರಸ್ತಿ ಮಾಡಿಸಿದನು, ಮುಂದೆ ಎರಡು ಶತಮಾನಗಳಿಗೂ ಮೀರಿ ಅದು ಬಳಕೆಯಲ್ಲಿತ್ತು. 1314ರಲ್ಲಿ ಫ್ರೆಂಚ್ ರಾಜಮನೆತನದ ಸೊಸೆಯರಾದ ಮಾರ್ಗರೆಟ್ ಮತ್ತು ಬ್ಲಾನ್ಷ್ ಅವರನ್ನು ವ್ಯಭಿಚಾರದ ಆರೋಪದ ಮೇಲೆ ಇಲ್ಲಿ ಸೆರೆಯಿಟ್ಟರು. ಮಾರ್ಗರೆಟ್ 1315ರಲ್ಲಿ ಇಲ್ಲಿಯೇ ತೀರಿಕೊಂಡಳು. 1334ರಿಂದ 1341ರವರೆಗೆ ಸ್ಕಾಟ್ಲೆಂಡಿನ ಬಾಲದೊರೆ ಎರಡನೇ ಡೇವಿಡ್ ಇಲ್ಲಿ ಆಶ್ರಯ ಪಡೆದಿದ್ದನು. ನೂರು ವರ್ಷಗಳ ಯುದ್ಧದಲ್ಲಿ ಕೋಟೆ ಹಲವು ಸಲ ಕೈಬದಲಿಸಿತು.

ಅವುಗಳಲ್ಲಿ 1419ರದು ಈ ಚರ್ಚೆಗೆ ಹತ್ತಿರವಾದದ್ದು. ಆಗ ಇಂಗ್ಲಿಷರು ಮುತ್ತಿಗೆ ಹಾಕಿದವರು, ಒಳಗಿದ್ದವರು ಸುಮಾರು 120 ಫ್ರೆಂಚರು. ತಿಂಗಳುಗಟ್ಟಲೆ ಕಾದಾಡಿದ ಮೇಲೆ ಅವರು ಶರಣಾದದ್ದು ಬಾವಿಯಿಂದ ನೀರು ಸೇದುವ ಹಗ್ಗ ಸವೆದುಹೋದದ್ದರಿಂದ. ಸುಣ್ಣಕಲ್ಲಿನ ಎತ್ತರದ ಗುಡ್ಡದಲ್ಲಿ ನೀರು ಬಹಳ ಆಳಕ್ಕೆ ಇಳಿದಿರುತ್ತದೆ; ಉದ್ದನೆಯ ಹಗ್ಗವಿಲ್ಲದೆ ಬಾವಿ ಇದ್ದೂ ಇಲ್ಲದಂತೆ. ಗೋಡೆ ಒಡೆಯದೆಯೂ ಈ ಕೋಟೆ ಬೀಳುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಈ ಒಂದು ಪ್ರಸಂಗ ಶಿಲಾಶಾಸನ ಅವರ ವಾದಕ್ಕೆ ಬಲ ಕೊಡುತ್ತದೆ ಎಂದು ಹೇಳಲು ನನಗೆ ಸಂಕೋಚವಿಲ್ಲ. ಬಂಡೆಯ ಸೇತುವೆಯ ವಿಚಾರದಲ್ಲಿ ಮಾತ್ರ ನಾನು ನನ್ನ ಮಾತನ್ನು ಬಿಟ್ಟುಕೊಡುವುದಿಲ್ಲ.

1573ರ ಹೊತ್ತಿಗೆ ಕೋಟೆ ನಿರ್ಜನವಾಗಿ ಶಿಥಿಲಗೊಂಡಿತ್ತು. ಕೊಳ್ಳೆಗಾರರ ಪಡೆಗಳು ಅದನ್ನು ಹಿಡಿದು ಕೂತರೆ ಸುತ್ತಲಿನ ಸೀಮೆಗೆ ಅಪಾಯವೆಂಬ ಅಹವಾಲು ದೊರೆ ನಾಲ್ಕನೇ ಹೆನ್ರಿಯ ಮುಂದೆ ಬಂದಾಗ, ಆತ ಅದನ್ನು ಕೆಡವಲು ಅಪ್ಪಣೆ ಕೊಟ್ಟನು. ಕಪೂಚಿನ್ ಸನ್ಯಾಸಿಗಳು ತಮ್ಮ ಮಠದ ಕಟ್ಟಡಕ್ಕೆ ಇಲ್ಲಿಂದ ಕಲ್ಲು ಒಯ್ಯಲು ಅನುಮತಿ ಪಡೆದರು. ಕೆಡವುವ ಕೆಲಸ 1611ರವರೆಗೆ ನಡೆಯಿತು. ನೀವು ಕಂಡ ಬರಿಮೈ ಗೋಡೆ ಆ ಕೆಲಸದ ಫಲ. ತಿರುಳಿನ ಚಕಮಕಿ ಉಂಡೆಗಳು ಅವರಿಗೆ ಬೇಕಾಗಿರಲಿಲ್ಲ, ಅದಕ್ಕೇ ಉಳಿದಿವೆ.

ಓದುಗ_ಧಾರವಾಡ:

ಎಲ್ಲರಿಗೂ ಧನ್ಯವಾದ. ಕೊನೆಯದಾಗಿ ಒಂದು ಪ್ರಶ್ನೆ. ಇಷ್ಟು ಪ್ರಸಿದ್ಧವಾದ ಕೋಟೆಯಲ್ಲಿ ಉತ್ಖನನ ಪೂರ್ತಿ ಮುಗಿದಿದೆಯೇ?

ಶಿಲಾಶಾಸನ:

ಮುಗಿದಿಲ್ಲ. 1862ರಲ್ಲಿ ಇದು ಫ್ರಾನ್ಸಿನ ಸಂರಕ್ಷಿತ ಐತಿಹಾಸಿಕ ಸ್ಮಾರಕಗಳ ಪಟ್ಟಿಗೆ ಸೇರಿತು. ಹತ್ತೊಂಬತ್ತನೇ ಶತಮಾನದ ವಾಸ್ತುಶಿಲ್ಪಿ ವಿಯೊಲೆ ಲ ದುಕ್ ಕೋಟೆಯ ಉತ್ತರ ತುದಿಯಲ್ಲಿ ಒಂದು ಪ್ರವೇಶವಿದ್ದಿರಬೇಕೆಂದು ಊಹಿಸಿದ್ದರು. 1990ರ ದಶಕದಲ್ಲಿ ದುರಸ್ತಿಯ ಜೊತೆಗೆ ನಡೆದ ಉತ್ಖನನದಲ್ಲಿ ಅದನ್ನು ಹುಡುಕಿದಾಗ ಪ್ರವೇಶ ಸಿಗಲಿಲ್ಲ. ಬದಲಾಗಿ, ಫಿರಂಗಿಗಳನ್ನು ಬಳಸಲು ಅನುಕೂಲವಾಗುವಂತೆ ಆಮೇಲೆ ಸೇರಿಸಿದ ಒಂದು ರಚನೆ ಬೆಳಕಿಗೆ ಬಂತು. ಅದರ ಮಾದರಿಯನ್ನು ನೋಡಿ ಹದಿನಾರನೇ ಶತಮಾನದ್ದೆಂದು ಕಾಲ ಗುರುತಿಸಿದ್ದಾರೆ. ಅಂದರೆ ಕಂದಕದಾಚೆ ಅವರು ಹೇಳಿದ 1573ರ ಪಾಳುಸ್ಥಿತಿಯ ಶತಮಾನದಲ್ಲಿಯೇ ಯಾರೋ ಈ ಕೋಟೆಯನ್ನು ಹೊಸ ಕಾಲದ ಯುದ್ಧಕ್ಕೆ ಸಜ್ಜುಗೊಳಿಸಲು ಹೊರಟಿದ್ದರು.